ತಂದೆಯ ಸಹಿ

ಗಿರಿಜಾಂಬಾ ಯಾದವಗಿರಿ ಕಡೆಯ ಒಂದು ಖಾಸಗಿ ಡಿಗ್ರಿ ಕಾಲೇಜಿನ ಆಫೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತೆ. ಪ್ರವೇಶದ ಅರ್ಜಿ, ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನ, ಟಿ.ಸಿ. ಎಲ್ಲವೂ ಅವರ ಕಿಟಕಿಯಿಂದಲೇ ಹೋಗಬೇಕು, ಬರಬೇಕು. ಮಾತು ಸ್ವಲ್ಪ ಬಿರುಸು. ಆದರೆ ಕೆಲಸ ಬಾಕಿ ಉಳಿಸುವವರಲ್ಲ ಎಂದು ಹುಡುಗರೆಲ್ಲ ಒಪ್ಪುತ್ತಿದ್ದರು.

ನವೆಂಬರ್ ಎರಡನೇ ವಾರ ಹರ್ಷಿತಾ ಎಂಬ ಮೂರನೇ ವರ್ಷದ ಬಿ.ಎಸ್‌ಸಿ. ಹುಡುಗಿ ಆ ಕಿಟಕಿಯ ಮುಂದೆ ಬಂದು ನಿಂತಳು.

"ಮೇಡಂ, ಇಪ್ಪತ್ತೈದನೇ ತಾರೀಕು ಮಹಿಳೆಯರ ಮೇಲಿನ ದೌರ್ಜನ್ಯ ವಿರೋಧಿ ದಿನ ಅಲ್ವಾ, ಅವತ್ತು ಸೌಮ್ಯಶ್ರೀ ನೆನಪಿಗೆ ಕಾರ್ಯಕ್ರಮ ಮಾಡ್ತಿದ್ದೀವಿ. ಪ್ರಿನ್ಸಿಪಾಲ್ ಸರ್ ಒಪ್ಪಿದ್ದಾರೆ. ಅವಳ ಅಡ್ಮಿಷನ್ ಫೈಲ್‌ನಲ್ಲಿ ಫೋಟೋ ಇರುತ್ತಲ್ಲ, ಅದು ಬೇಕಿತ್ತು."

ಗಿರಿಜಾಂಬಾ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು.

ಸೌಮ್ಯಶ್ರೀ ಹರ್ಷಿತಾಳ ತರಗತಿಯವಳು. ಹೂಟಗಳ್ಳಿಯಿಂದ ದಿನಾ ಸಿಟಿ ಬಸ್ಸಿನಲ್ಲಿ ಬರುತ್ತಿದ್ದಳು. ಹೋದ ಫೆಬ್ರವರಿಯಲ್ಲಿ, ಬೆಳಿಗ್ಗೆ ಎಂಟೂಕಾಲಿಗೆ, ಮನೆಯ ಹತ್ತಿರದ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಅವಳದೇ ತರಗತಿಯ ಹುಡುಗನೊಬ್ಬ ಬಂದು ಚಾಕು ಹಾಕಿದ. ಆಸ್ಪತ್ರೆ ತಲುಪುವ ಮೊದಲೇ ಅವಳು ಹೋಗಿಬಿಟ್ಟಿದ್ದಳು. ನಾಲ್ಕು ತಿಂಗಳಿಂದ ಹಿಂದೆ ಬಿದ್ದಿದ್ದನಂತೆ, ಇವಳು ಬೇಡ ಅಂದಿದ್ದಳಂತೆ. ಹುಡುಗ ಜೈಲಿನಲ್ಲಿದ್ದಾನೆ. ಕೇಸು ಇನ್ನೂ ನಡೆಯುತ್ತಿದೆ.

"ಇನ್ನೊಂದು ವಿಷಯ ಮೇಡಂ," ಹರ್ಷಿತಾ ದನಿ ತಗ್ಗಿಸಿದಳು. "ಸಾಯೋಕೆ ಒಂದು ವಾರ ಮುಂಚೆ ಅವಳು ನಂಗೆ ಹೇಳಿದ್ಲು, ಪ್ರಾಕ್ಟಿಕಲ್ ಬ್ಯಾಚ್ ಚೇಂಜ್ ಕೇಳ್ದೆ ಕಣೇ, ಆಗ್ಲಿಲ್ಲ ಅಂತ. ಅವನೂ ಅವಳೂ ಒಂದೇ ಬ್ಯಾಚು, ಕೆಮಿಸ್ಟ್ರಿ ಲ್ಯಾಬಲ್ಲಿ ಎದುರುಬದುರು ನಿಲ್ಬೇಕಿತ್ತು. ಯಾರ್ನ ಕೇಳಿದ್ಲು ಅಂತ ನಾನು ವಿಚಾರಿಸ್ಲೇ ಇಲ್ಲ. ಎಚ್‌ಓಡಿ ನನ್ನ ಹತ್ರ ಬಂದಿಲ್ಲ ಅಂತಾರೆ. ಲ್ಯಾಬ್‌ನೋರೂ ಇಲ್ಲ ಅಂತಾರೆ. ಇಲ್ಲಿಗೆ ಬಂದಿದ್ಲಾ?"

"ದಿನಕ್ಕೆ ನೂರು ಜನ ಬರ್ತಾರೆ ಕಣಮ್ಮ," ಎಂದರು ಗಿರಿಜಾಂಬಾ. "ಯಾರನ್ನ ಅಂತ ನೆನಪಿಟ್ಕೊಳ್ಲಿ?"

ಹುಡುಗಿ ಹೋದ ಮೇಲೆ ಅವರಿಗೆ ಎಷ್ಟೋ ಹೊತ್ತು ಕೆಲಸ ಸಾಗಲಿಲ್ಲ.

ಯಾಕೆಂದರೆ ಒಬ್ಬ ಹುಡುಗಿ ಬಂದಿದ್ದಳು. ಫೆಬ್ರವರಿಯಲ್ಲಿ ಅವಳು ಬಂದ ದಿನ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ, ಕಂಪ್ಯೂಟರ್ ಎರಡು ಸಲ ನಿಂತು ಹೋಗಿತ್ತು, ಕಿಟಕಿಯ ಹೊರಗೆ ನೂಕುನುಗ್ಗಲು. ಸ್ಕೂಟರಿನಲ್ಲಿ ಹೋಗುವ ಹುಡುಗಿಯರು ಧೂಳಿಗೆಂದು ಕಟ್ಟಿಕೊಳ್ಳುವ ಹಾಗೆ ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಂಡಿದ್ದ ಒಬ್ಬಳು ಬ್ಯಾಚು ಬದಲಾಯಿಸಬೇಕು ಎಂದು ಕೇಳಿದಳು. ಬುಧವಾರದಿಂದ ಶುಕ್ರವಾರಕ್ಕೆ. ಗಿರಿಜಾಂಬಾ ತಲೆ ಎತ್ತದೆಯೇ ಫಾರಂ ಕೊಟ್ಟು, "ಕಾರಣ ಬರಿ, ಅಪ್ಪನ ಸಹಿ ಹಾಕಿಸ್ಕೊಂಡು ಬಾ" ಅಂದಿದ್ದರು.

"ಅಮ್ಮಂದು ಆಗಲ್ವಾ ಮೇಡಂ?"

"ತಂದೆಯ ಸಹಿ ಅಂತ ಅಚ್ಚಾಗಿದೆಯಲ್ಲ, ಕಾಣ್ಸಲ್ವಾ?"

ಹುಡುಗಿ ಫಾರಂ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಹಿಂದಿನವರು ತಳ್ಳಿದಾಗ ಪಕ್ಕಕ್ಕೆ ಸರಿದು ಹೊರಟುಹೋದಳು. ಅವಳು ಮತ್ತೆ ಬರಲಿಲ್ಲ.

ಹನ್ನೊಂದು ದಿನದ ನಂತರ ಪತ್ರಿಕೆಯಲ್ಲಿ ಸೌಮ್ಯಶ್ರೀಯ ಫೋಟೋ ಬಂತು. ಗಿರಿಜಾಂಬಾ ಆ ಫೋಟೋದ ಬಾಯಿ, ಗಲ್ಲವನ್ನೆಲ್ಲ ಬೆರಳಿನಿಂದ ಮುಚ್ಚಿ ಕಣ್ಣುಗಳನ್ನಷ್ಟೇ ನೋಡಿದರು. ಒಂದು ಸಲ ಅವಳೇ ಅನ್ನಿಸಿತು. ಇನ್ನೊಂದು ಸಲ ಅಲ್ಲ ಅನ್ನಿಸಿತು. ಆ ತಿಂಗಳು ಬ್ಯಾಚು ಬದಲಾವಣೆಗೆ ಬೇರೆ ಹುಡುಗಿಯರೂ ಬಂದಿರಬಹುದು. ಕೃಷ್ಣಮೂರ್ತಿಪುರಂನ ಮನೆಯಲ್ಲಿ ಗಂಡ ವಸಿಷ್ಠ ಅವರಿಗೆ ಹೇಳಿದಾಗ ಅವರು, "ಖಾತ್ರಿ ಇಲ್ಲದ್ದನ್ನ ಯಾಕೆ ತಲೆ ಮೇಲೆ ಹಾಕ್ಕೋತೀಯ? ಹಾಗೆ ನೋಡಿದ್ರೆ ನೀನು ರೂಲ್ಸ್ ಪ್ರಕಾರವೇ ಹೇಳಿದೀಯ" ಎಂದರು. ಅದೂ ಸರಿಯೇ ಅನ್ನಿಸಿತ್ತು. ಮತ್ತೆ ಆ ಮಾತು ಮನೆಯಲ್ಲಿ ಬರಲಿಲ್ಲ.

ಈಗ ಸೌಮ್ಯಶ್ರೀಯ ಫೈಲು ತೆಗೆದು ಒಂದೊಂದೇ ಹಾಳೆ ಮಗುಚಿದರು. ಹತ್ತನೆಯ ತರಗತಿಯ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್ ಪ್ರತಿ. ಬ್ಯಾಚಿನ ಫಾರಂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಬಂದವಳನ್ನು ಅವರು ಖಾಲಿ ಫಾರಂ ಕೊಟ್ಟು ವಾಪಸು ಕಳಿಸಿದ್ದರಲ್ಲ. ವಾಪಸು ಕಳಿಸಿದ್ದಕ್ಕೆ ರಿಜಿಸ್ಟರಿನಲ್ಲಿ ನಮೂದೂ ಇರುವುದಿಲ್ಲ. ತಾನು ಬಾಯಿ ಬಿಡದಿದ್ದರೆ ಇದು ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಹೊಳೆದಾಗ ಅವರಿಗೆ ಮೊದಲು ಸಮಾಧಾನವಾಯಿತು. ಆಮೇಲೆ ಆ ಸಮಾಧಾನದ ಬಗ್ಗೆಯೇ ಒಂಥರಾ ಅಸಹ್ಯವಾಯಿತು.

ಫೈಲಿನಲ್ಲಿದ್ದ ಫೋಟೋ ಚಿಕ್ಕದು, ಹಣೆಯ ಮೇಲೆ ಕಾಲೇಜಿನ ಸೀಲು ಬಿದ್ದಿತ್ತು. ಹರ್ಷಿತಾ ಅದು ಬೇಡವೆಂದು ಸೌಮ್ಯಶ್ರೀಯ ಮನೆಯವರಿಗೆ ಫೋನ್ ಮಾಡಿದಳು.

ಇಪ್ಪತ್ನಾಲ್ಕನೇ ತಾರೀಕು ಮಧ್ಯಾಹ್ನ ಸೌಮ್ಯಶ್ರೀಯ ತಾಯಿ ಸುಮಿತ್ರಮ್ಮ ಫೋಟೋ ತೆಗೆದುಕೊಂಡು ತಾವೇ ಬಂದರು. ನಲವತ್ತೈದರ ಆಸುಪಾಸಿನ ಹೆಂಗಸು. ಗಂಡ ಶಿವಶಂಕರ್ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಾರೆ. ಹರ್ಷಿತಾ ಇನ್ನೂ ತರಗತಿಯಲ್ಲಿದ್ದಳು. ಹಾಗಾಗಿ ಗಿರಿಜಾಂಬಾ ಅವರನ್ನು ಆಫೀಸಿನೊಳಗೆ ಕರೆದು ಕುರ್ಚಿ ಕೊಟ್ಟರು, ಕ್ಯಾಂಟೀನಿನಿಂದ ಟೀ ತರಿಸಿದರು.

ಸುಮಿತ್ರಮ್ಮ ಚೀಲದಿಂದ ಕಟ್ಟು ಹಾಕಿಸಿದ ಫೋಟೋ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಇದು ಚಾಮುಂಡಿಬೆಟ್ಟಕ್ಕೆ ಓಗಿದ್ದಾಗ ತೆಗ್ದಿದ್ದು. ನಗ್ತಾ ಅವ್ಳೆ. ಸತ್ತೋರ ಫೋಟೋ ಇಂಗೆ ನಗ್ತಿದ್ರೆ ಸರಿ ಓಯ್ತದಾ ಮೇಡಂ? ಇದ್ನ ಬುಟ್ರೆ ಬ್ಯಾರೆ ಒಳ್ಳೇದಿಲ್ಲ."

"ಇದೇ ಇರಲಿ," ಎಂದರು ಗಿರಿಜಾಂಬಾ.

"ನಾಳೆ ನಾನೇನ್ ಮಾಡ್ಬೇಕು? ಮಾತಾಡ್ಬೇಕಾ? ನಂಗೆ ಮಾತಾಡಾಕೆ ಬರಾಕಿಲ್ಲ."

"ಸುಮ್ನೆ ಕೂತಿದ್ರೆ ಸಾಕು."

ಸುಮಿತ್ರಮ್ಮ ಟೀ ಕುಡಿಯಲಿಲ್ಲ. ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆಫೀಸನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಅಂದರು: "ಇಲ್ಲಿಂದ್ಲೇ ಒಂದು ಕಾಗ್ದ ತಂದಿದ್ಲು ಮೇಡಂ. ಅಪ್ಪ ಸಯ್ಯಿ ಮಾಡ್ಬೇಕು ಅಂತ. ರಾತ್ರಿ ಪಾಳಿ ಮುಗ್ಸಿ ಅವ್ರು ಮಲ್ಗಿದ್ರು. ಎಬ್ಬುಸ್ಲಾ ಅಂದೆ. ಬ್ಯಾಡ, ಯಾಕೆ ಏನು ಅಂತ ಕೇಳ್ತಾರೆ, ಕಾಲೇಜೇ ಬುಡ್ಸ್ಬುಡ್ತಾರೆ ಅಂದ್ಲು. ಅಮ್ಮ, ನೀನು ಅಪ್ಪನ ಥರಾನೇ ಸಯ್ಯಿ ಆಕ್ತೀಯಾ ಅಂತ ಕೇಳಿದ್ಲು. ನಾನು ನಕ್ಬುಟ್ಟೆ. ಕಳ್ಳ ಸಯ್ಯಿ ಆಕ್ಸ್ತೀಯಾ ನನ್ ಕೈಲಿ, ಜೈಲಿಗೆ ಕಳುಸ್ತೀಯಾ ಅಂದೆ. ಅವ್ಳೂ ನಕ್ಲು. ಮಡ್ಚಿ ಬ್ಯಾಗ್ನಾಗೆ ಇಟ್ಕೊಂಡ್ಲು. ಬ್ಯಾಗು ಈಗ ಪೊಲೀಸ್ನೋರ ತಾವ ಅದೆ."

ಒಂಬತ್ತು ತಿಂಗಳು ಗಿರಿಜಾಂಬಾ ಹೌದೋ ಅಲ್ಲವೋ ಎಂದು ತೂಗುತ್ತಿದ್ದ ಸಂಗತಿಯನ್ನು ಈ ತಾಯಿ ಏನೂ ಗೊತ್ತಿಲ್ಲದೆ ತಂದು ಎದುರಿಗಿಟ್ಟಿದ್ದರು.

"ಆ ಕಾಗದ ಕೊಟ್ಟೋಳು ನಾನೇ," ಎಂದರು.

ಸುಮಿತ್ರಮ್ಮನಿಗೆ ಅರ್ಥವಾಗಲಿಲ್ಲ. "ಊಂ, ನೀವೇ ಕೊಟ್ಟಿರ್ತೀರಿ," ಎಂದು ತಲೆಯಾಡಿಸಿದರು.

"ಹಾಗಲ್ಲಮ್ಮ. ಅಪ್ಪನ ಸಹಿ ಇಲ್ದೆ ಆಗಲ್ಲ ಅಂದೋಳು ನಾನು. ಅಮ್ಮಂದು ಆಗುತ್ತಾ ಅಂತ ಅವಳು ಕೇಳಿದ್ಲು. ಆಗಲ್ಲ ಅಂದೆ. ಯಾಕೆ ಬೇಕು ಅಂತ ನಾನು ಕೇಳ್ಲಿಲ್ಲ. ಅವಳ ಮುಖ ಕೂಡ ಸರಿಯಾಗಿ ನೋಡ್ಲಿಲ್ಲ. ಆ ಹುಡುಗನೂ ಅವಳೂ ಒಂದೇ ಬ್ಯಾಚಿನಲ್ಲಿದ್ರು, ಅದಕ್ಕೇ ಅವಳು ಬೇರೆ ಬ್ಯಾಚು ಕೇಳಿದ್ದು."

ಸುಮಿತ್ರಮ್ಮ ಗ್ಲಾಸನ್ನು ಮೇಜಿನ ಮೇಲಿಟ್ಟರು. ಸಿಟ್ಟಾಗುತ್ತಾರೆ ಎಂದು ಗಿರಿಜಾಂಬಾ ಕಾದರು. ಅಳುತ್ತಾರೇನೋ ಎಂದುಕೊಂಡರು. ಅವರು ಎರಡನ್ನೂ ಮಾಡಲಿಲ್ಲ.

"ನೀವು ಕೊಟ್ಬುಟ್ಟಿದ್ರೆ ಉಳ್ಕತ್ತಿದ್ಲಾ?"

"ಗೊತ್ತಿಲ್ಲ."

"ಅವನು ಬಂದಿದ್ದು ನಮ್ಮೂರ ಬಸ್ ಸ್ಟಾಪಿಗಲ್ವಾ. ಕಾಲೇಜಿಗಲ್ವಲ್ಲ."

"ಹೌದು."

"ಮತ್ತೆ?"

ಸುಮಿತ್ರಮ್ಮ ಫೋಟೋವನ್ನು ಮೇಜಿನ ಮೇಲೆ ಬಿಟ್ಟು, ಸೆರಗನ್ನು ಸರಿಮಾಡಿಕೊಂಡು ಎದ್ದರು. ಬಾಗಿಲಲ್ಲಿ ಒಮ್ಮೆ ನಿಂತು ತಿರುಗಿ ನೋಡಿ ಹೋದರು.

ಸಂಜೆ ಗಿರಿಜಾಂಬಾ ಹರ್ಷಿತಾಳನ್ನು ಕರೆಸಿ ಎಲ್ಲವನ್ನೂ ಹೇಳಿದರು. ಆ ಹುಡುಗಿ ಒಂಬತ್ತು ತಿಂಗಳಿಂದ ಒಬ್ಬರನ್ನು ಹುಡುಕುತ್ತಿದ್ದಳು. ಸಿಕ್ಕಿದವರ ಮುಖಕ್ಕೆ ಏನು ಹೇಳಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು. ಈಗ ಎದುರಿಗೆ ಕೂತಿದ್ದವರು ಮೊದಲ ವರ್ಷ ತನ್ನ ವಿದ್ಯಾರ್ಥಿವೇತನದ ಅರ್ಜಿ ತಪ್ಪಿಹೋದಾಗ ವಿಶ್ವವಿದ್ಯಾಲಯದ ತನಕ ಹೋಗಿ ಸರಿಮಾಡಿಸಿಕೊಂಡು ಬಂದವರು.

"ಮೊನ್ನೆ ಕೇಳ್ದಾಗ ಯಾಕೆ ಹೇಳ್ಲಿಲ್ಲ?" ಎಂದಳು.

"ಖಾತ್ರಿ ಇರ್ಲಿಲ್ಲ. ಹೆದ್ರಿಕೆಯೂ ಇತ್ತು."

ಹರ್ಷಿತಾ ಕಣ್ಣೊರೆಸಿಕೊಂಡಳು. "ಈಗ ನಾನೇನ್ಮಾಡ್ಲಿ? ನಾಳೆ ಎಲ್ರ ಮುಂದೆ ಇದನ್ನ ಹೇಳ್ಲಾ, ಬೇಡ್ವಾ? ಹೇಳ್ದೆ ಇದ್ರೆ ಅವಳಿಗೆ ಮೋಸ ಮಾಡ್ದಂಗೆ. ಹೇಳಿದ್ರೆ ನಿಮ್ಮನ್ನ..."

"ನೀನು ಹೇಳ್ಬೇಡ. ನಾನೇ ಹೇಳ್ತೀನಿ."

ಪ್ರಾಂಶುಪಾಲ ಮಾಧವ ಅವರು ಕೆಟ್ಟವರೇನಲ್ಲ. ಆಡಳಿತ ಮಂಡಳಿಗೆ ಹೆದರುವವರು. ದೀಪ ಹಚ್ಚಿ, ಎರಡು ನಿಮಿಷ ಮೌನ ಆಚರಿಸಿ, ಒಂದು ಸಸಿ ನೆಟ್ಟು ಅರ್ಧ ಗಂಟೆಯಲ್ಲಿ ಮುಗಿಸಬೇಕು ಎಂದು ಅವರು ಹರ್ಷಿತಾಳಿಗೆ ಹೇಳಿದ್ದರು. ಆದರೆ ಮರುದಿನ ಬೆಳಿಗ್ಗೆ ಅಂಗಳದಲ್ಲಿ ನಾನ್ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರು ಸೇರಿದ್ದರು. ವಿದ್ಯಾರ್ಥಿಗಳು ಸೌಮ್ಯಶ್ರೀಯ ಫೋಟೋದ ಪಕ್ಕದಲ್ಲಿ ಇನ್ನೂ ಕೆಲವು ಹೆಸರು ಬರೆದ ಹಾಳೆಗಳನ್ನು ಅಂಟಿಸಿದ್ದರು. ಅವರವರ ಊರಿನಲ್ಲಿ, ಬೀದಿಯಲ್ಲಿ, ಕೆಲವೊಮ್ಮೆ ಮನೆಯಲ್ಲೇ ಹೀಗೆ ಸತ್ತ ಹೆಣ್ಣುಮಕ್ಕಳ ಹೆಸರುಗಳು. ಗಿರಿಜಾಂಬಾ ಅವನ್ನು ಓದುತ್ತ ನಿಂತರು. ಒಂದು ಹಾಳೆಯಲ್ಲಿ ಹೆಸರಿರಲಿಲ್ಲ, "ನಮ್ಮ ಚಿಕ್ಕಮ್ಮ" ಎಂದಷ್ಟೇ ಇತ್ತು.

ಸುಮಿತ್ರಮ್ಮ ಮೊದಲ ಸಾಲಿನಲ್ಲಿ ಕೂತಿದ್ದರು. ಶಿವಶಂಕರ್ ಬಂದಿರಲಿಲ್ಲ.

ಮೌನ ಮುಗಿದು ಮಾಧವ ಅವರು ಸಸಿಯ ಕಡೆ ಹೊರಡುವ ಹೊತ್ತಿಗೆ ಗಿರಿಜಾಂಬಾ ಮೈಕಿನ ಮುಂದೆ ಹೋಗಿ ನಿಂತರು. ಇಪ್ಪತ್ತಾರು ವರ್ಷದಲ್ಲಿ ಅವರು ಮೈಕು ಮುಟ್ಟಿದ್ದು ಅದೇ ಮೊದಲು.

"ನಾನು ಆಫೀಸಿನ ಗಿರಿಜಾಂಬಾ. ಈ ಹುಡುಗಿ ಬ್ಯಾಚು ಬದಲಾಯಿಸಿ ಅಂತ ನನ್ನ ಹತ್ರ ಬಂದಿದ್ಲು. ತಂದೆ ಸಹಿ ಬೇಕು ಅಂತ ವಾಪಸ್ ಕಳಿಸ್ದೆ. ರೂಲ್ಸು ಹಾಗೇ ಇತ್ತು. ಆದ್ರೆ ಯಾಕಮ್ಮ ಅಂತ ಒಂದು ಮಾತು ಕೇಳಬಾರ್ದು ಅಂತ ರೂಲ್ಸಲ್ಲಿ ಇರ್ಲಿಲ್ಲ. ನಾನು ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ಲೋ ಇಲ್ವೋ, ಹೇಳಿದ್ರೆ ನಾನು ಏನು ಮಾಡ್ತಿದ್ನೋ, ಅದೂ ಗೊತ್ತಿಲ್ಲ. ಯಾರಾದ್ರೂ ಕಿರುಕುಳ ಕೊಟ್ರೆ ಹೇಳೋಕೆ ಇಲ್ಲಿ ದೂರು ಸಮಿತಿ ಅಂತ ಒಂದಿದೆ. ಅದರಲ್ಲಿ ಯಾರಿದ್ದಾರೆ ಅಂತ ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಆ ಪಟ್ಟಿ ಟೈಪ್ ಮಾಡಿದವಳು ನಾನು. ಫೈಲಿಗೆ ಹಾಕಿದವಳೂ ನಾನೇ. ಗೋಡೆ ಮೇಲೆ ಹಾಕ್ಬೇಕು ಅಂತ ನಂಗೂ ಹೊಳೀಲಿಲ್ಲ."

ಅವರು ಅಷ್ಟಕ್ಕೇ ನಿಲ್ಲಿಸಿದರು. ಹಿಂದಿನಿಂದ ಯಾರೋ, "ಇವರನ್ನ ಸಸ್ಪೆಂಡ್ ಮಾಡಿ" ಎಂದ. ಇನ್ನು ಕೆಲವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಯಾಕೆಂದು ಅವರಿಗೆ ತಿಳಿಯಲಿಲ್ಲ. ಬೈಗುಳವೇ ಹೆಚ್ಚು ಸರಿ ಅನ್ನಿಸಿತು. ಸುಮಿತ್ರಮ್ಮ ತಲೆ ತಗ್ಗಿಸಿ ಕೂತಿದ್ದರು.

ಆಗ ಹರ್ಷಿತಾ ಮೈಕು ತೆಗೆದುಕೊಂಡು ಪ್ರಾಂಶುಪಾಲರ ಕಡೆ ತಿರುಗಿದಳು. "ಸರ್, ಸಸಿ ಆಮೇಲೆ ನೆಡೋಣ. ಬ್ಯಾಚ್ ಬದಲಾವಣೆಗೆ ಅಪ್ಪನ ಸಹಿ ಬೇಡ, ಕಾರಣಾನೂ ಬೇಡ ಅಂತ ಆರ್ಡರ್ ಮಾಡಿ. ದೂರು ಸಮಿತಿ ಹೆಸರು, ಫೋನ್ ನಂಬರ್ ಇವತ್ತೇ ಗೋಡೆ ಮೇಲೆ ಬರ್ಲಿ. ಅಲ್ಲೀವರೆಗೂ ನಾವು ಇಲ್ಲೇ ಕೂತಿರ್ತೀವಿ." ಹೇಳಿ ನೆಲದ ಮೇಲೆ ಕೂತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಕೂರತೊಡಗಿದರು. ಮಧ್ಯಾಹ್ನದ ತರಗತಿಗಳು ನಡೆಯಲಿಲ್ಲ. ಮಾಧವ ಅವರು ಆಡಳಿತ ಮಂಡಳಿಗೆ ಮೂರು ಸಲ ಫೋನ್ ಮಾಡಿ, ಮೂರು ಗಂಟೆಯ ಹೊತ್ತಿಗೆ ಎರಡಕ್ಕೂ ಒಪ್ಪಿದರು.

ಮಾರನೆಯ ದಿನ ಅವರು ಗಿರಿಜಾಂಬಾ ಅವರನ್ನು ಕೋಣೆಗೆ ಕರೆದರು. ಸಂಸ್ಥೆಯ ಹೆಸರಿಗೆ ಧಕ್ಕೆ ತಂದಿದ್ದಕ್ಕೆ ಅವರಿಗೆ ನೋಟಿಸು ಕೊಡಬೇಕೆಂದು ಮಂಡಳಿಯವರು ಹೇಳಿದ್ದರು. ಆಫೀಸಿನಲ್ಲಿ ಕನ್ನಡ ಟೈಪು ಬಲ್ಲವರು ಗಿರಿಜಾಂಬಾ ಒಬ್ಬರೇ.

"ತಪ್ಪು ತಿಳ್ಕೋಬೇಡಿ," ಎಂದರು ಮಾಧವ, ಅವರ ಮುಖ ನೋಡದೆ. "ನೀವೇ ಟೈಪ್ ಮಾಡಿ ತಂದ್ರೆ ಸಹಿ ಮಾಡ್ತೀನಿ."

ಗಿರಿಜಾಂಬಾ ತಮ್ಮ ಹೆಸರಿಗೆ ತಾವೇ ನೋಟಿಸು ಟೈಪು ಮಾಡಿದರು. ಏಳು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು ಎಂದು ಬರೆದು, ಸಹಿ ಹಾಕಿಸಿ, ಸ್ವೀಕರಿಸಿದ್ದೇನೆ ಎಂದು ಕೆಳಗೆ ತಾವೂ ಸಹಿ ಹಾಕಿದರು. ಅದಾದ ಮೇಲೆ ಹೊಸ ಫಾರಂ ಟೈಪು ಮಾಡಲು ಕೂತರು. ಹೆಸರು, ಕ್ರಮಸಂಖ್ಯೆ, ಈಗಿನ ಬ್ಯಾಚು, ಬೇಕಾದ ಬ್ಯಾಚು. ಅಷ್ಟೇ. ಎಷ್ಟು ಚಿಕ್ಕದಾಯಿತೆಂದರೆ ಒಂದು ಹಾಳೆಯಲ್ಲಿ ನಾಲ್ಕು ಫಾರಂ ಹಿಡಿದವು.

ಅವರು ಕೊಟ್ಟ ಸಮಜಾಯಿಷಿಗೆ ಮಂಡಳಿಯಿಂದ ಉತ್ತರ ಬರಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ಗಿರಿಜಾಂಬಾ ಪೊಲೀಸ್ ಠಾಣೆಗೆ ಹೋಗಿ ಆ ಫಾರಂ ತಾವೇ ಕೊಟ್ಟಿದ್ದೆಂದು ಹೇಳಿಕೆ ಬರೆಸಿ ಬಂದರು. ಅದು ಕೇಸಿಗೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂದು ಇನ್‌ಸ್ಪೆಕ್ಟರ್ ಹೇಳಲಿಲ್ಲ. ವಸಿಷ್ಠ ಅವರು ಎರಡು ದಿನ ಹೆಂಡತಿಯ ಜೊತೆ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ, ಠಾಣೆಗೆ ಮತ್ತೆ ಕರೆದರೆ ತಾವೂ ಬರುವುದಾಗಿ ಹೇಳಿದರು.

ಡಿಸೆಂಬರಿನ ಒಂದು ಭಾನುವಾರ ಗಿರಿಜಾಂಬಾ ಹೂಟಗಳ್ಳಿಗೆ ಹೋದರು. ಹೋಗಬಹುದೋ ಬಾರದೋ ಎಂದು ಮೂರು ವಾರ ಯೋಚಿಸಿದ್ದರು. ಬಾಗಿಲು ತೆರೆದವರು ಶಿವಶಂಕರ್. ಇವರು ಯಾರೆಂದು ಹೇಳಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಸುಮಿತ್ರಮ್ಮ ಒಳಗೆ ಕರೆದು ಚಾಪೆ ಹಾಸಿದರು.

"ಅವ್ರ ಮ್ಯಾಲೆ ಬ್ಯಾಸರ ಮಾಡ್ಕಬ್ಯಾಡಿ. ಆ ಕಾಗ್ದದ ಇಸ್ಯ ನಾನೂ ಏಳಿಲ್ಲ ಅಂತ ನನ್ ತಾವೂ ಮಾತಿಲ್ಲ. ಮಗಳು ನನ್ನ ನಂಬ್ಲಿಲ್ವಲ್ಲ ಅಂತ ಒಬ್ರೇ ಕೂತ್ಕೊಂಡು ಅಳ್ತಾರೆ."

ಇಬ್ಬರೂ ಕಾಫಿ ಕುಡಿದರು. ಹೊರಟಾಗ ಸುಮಿತ್ರಮ್ಮ ಬಸ್ಸು ಹತ್ತಿಸಲು ಜೊತೆಗೆ ಬಂದರು. ಮನೆಯ ಹತ್ತಿರದ ಸ್ಟಾಪಿಗೆ ಹೋಗದೆ, ಹೊಸ ಸೈಟುಗಳ ನಡುವೆ ಬಳಸಿಕೊಂಡು, ಕಾಲು ಗಂಟೆ ನಡೆದು ಮುಂದಿನ ಸ್ಟಾಪಿಗೆ ಕರೆದುಕೊಂಡು ಹೋದರು. ಯಾಕೆಂದು ಗಿರಿಜಾಂಬಾ ಕೇಳಲಿಲ್ಲ.

ದಾರಿಯಲ್ಲಿ ಸುಮಿತ್ರಮ್ಮ, "ಆ ಒಸ ಕಾಗ್ದ ಯಾರಾದ್ರೂ ಇಸ್ಕೊಂಡ್ರಾ?" ಎಂದರು.

"ಹದಿನಾಲ್ಕು ಹೋಗಿದೆ. ಹುಡುಗ್ರೂ ಇದ್ದಾರೆ, ಹುಡುಗೀರೂ ಇದ್ದಾರೆ. ನೋಡಿ, ಬಸ್ ಟೈಮಿಗೆ, ಫ್ರೆಂಡ್ಸ್ ಜೊತೆ ಇರೋಕೆ ಅಂತ ದುರುಪಯೋಗ ಮಾಡ್ಕೋತಿದ್ದಾರೆ ಅಂತ ಪ್ರಿನ್ಸಿಪಾಲ್ರು ಗೊಣಗ್ತಾರೆ. ಇರಬಹುದು. ನಾನಂತೂ ಎಲ್ರಿಗೂ ಮಾಡ್ಕೊಟ್ಟಿದ್ದೀನಿ."

"ಅದ್ರಲ್ಲಿ ನಮ್ ಸೌಮ್ಯನ ಥರದೋರು ಎಷ್ಟು ಜನ?"

"ಗೊತ್ತಾಗಲ್ಲ. ಕಾರಣ ಕೇಳೋ ಹಾಗಿಲ್ವಲ್ಲ ಈಗ."

ಸುಮಿತ್ರಮ್ಮ ನಡೆಯುವುದನ್ನು ನಿಲ್ಲಿಸಿದರು. "ಕೇಳ್ಲಿಲ್ಲ ಅಂತ್ಲೇ ಅಲ್ವಾ ನೀವು ಅವತ್ತು ಮೈಕ್ನಾಗೆ ಏಳಿದ್ದು? ಈಗ ಕೇಳಂಗಿಲ್ಲ ಅಂತ ಮಾಡ್ಕಂಡ್ರೆ ಎಂಗೆ?"

ಕೇಳಿದರೆ ಹೆದರಿ ಬಾರದೇ ಹೋಗುವವರಿದ್ದಾರೆ ಎಂದು ಹರ್ಷಿತಾ ಹೇಳಿದ್ದಳು. ಅದು ನಿಜ. ಈ ತಾಯಿ ಹೇಳುತ್ತಿರುವುದೂ ನಿಜ.

"ನಂಗೂ ತಿಳೀತಿಲ್ಲ ಕಣ್ರೀ," ಎಂದರು ಗಿರಿಜಾಂಬಾ. "ಫಾರಂ ಕೊಡೋವಾಗ ಈಗ ಮುಖ ನೋಡಿ ಕೊಡ್ತೀನಿ. ಸಮಿತಿ ನಂಬರ್ ಅದರ ಹಿಂದೆ ಬರೆದು ಕೊಡ್ತೀನಿ. ಇಬ್ಬರು ಹುಡುಗೀರು ಸುಮ್ನೆ ನಿಂತ್ಕೊಂಡ್ರು, ಒಳಗೆ ಬಂದು ಕೂತ್ಕೋ ಅಂದೆ. ಒಬ್ಬಳು ಕೂತ್ಕೊಂಡ್ಲು. ಇನ್ನೊಬ್ಬಳು ಹೋಗ್ಬಿಟ್ಲು."

"ಕೂತ್ಕಂಡೋಳು ಏನಂದ್ಲು?"

"ಇನ್ನೂ ಏನೂ ಹೇಳಿಲ್ಲ. ನಾಳೆ ಬರ್ತೀನಿ ಅಂದಿದ್ದಾಳೆ."

ಸುಮಿತ್ರಮ್ಮ ತಲೆಯಾಡಿಸಿದರು. ಸ್ಟಾಪಿನಲ್ಲಿ ಬಿಸಿಲಿತ್ತು. ಇಬ್ಬರೂ ಒಂದು ಹೊಂಗೆ ಮರದ ಕೆಳಗೆ ನಿಂತರು. ಬಸ್ಸು ದೂರದಲ್ಲಿ ಕಾಣಿಸಿದಾಗ ಸುಮಿತ್ರಮ್ಮ, "ಅವ್ಳು ಬಂದ್ಲಾ ಇಲ್ವಾ ಅಂತ ನಂಗೆ ಒಂದು ಫೋನ್ ಮಾಡಿ," ಎಂದು ನಂಬರ್ ಹೇಳಿದರು. ಗಿರಿಜಾಂಬಾ ಅದನ್ನು ಮೊಬೈಲಿನಲ್ಲಿ ಒತ್ತಿಕೊಳ್ಳುವಷ್ಟರಲ್ಲಿ ಬಸ್ಸು ಬಂತು. ಕೊನೆಯ ಎರಡು ಅಂಕಿಗಳನ್ನು ಸುಮಿತ್ರಮ್ಮ ಕಿಟಕಿಯ ಕೆಳಗೆ ನಿಂತು ಇನ್ನೊಮ್ಮೆ ಹೇಳಬೇಕಾಯಿತು.